ನಲವತ್ತರ ವೇಗದಲ್ಲಿ

ಮೂರು ತಿಂಗಳಿನಿಂದ ಜಯಲತಾ ಕಂಪ್ಯೂಟರಿನೊಳಗಿನ ಸೇತುವೆಯ ಮೇಲೆ ಒಂದೇ ಲಾರಿಯನ್ನು ಓಡಿಸುತ್ತಿದ್ದಳು. ವಾಶಿ ಮಾರ್ಕೆಟ್ಟಿಗೆ ಈರುಳ್ಳಿ ತರುವ ಲಾರಿಗಳು ದಾಟುವ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಮೇಲಿನ ಹಳೆಯ ಸೇತುವೆ ಅದು. ಲಾರಿಯ ತೂಕ, ವೇಗ ಕೊಟ್ಟರೆ ಸೇತುವೆ ಎಷ್ಟು ನಡುಗುತ್ತದೆಂದು ಅವಳೇ ಬರೆದ ಪ್ರೋಗ್ರಾಮ್ ಹೇಳುತ್ತಿತ್ತು. ೧೯೯೬ರಲ್ಲಿ, ಸೇತುವೆಗಳನ್ನು ಪರೀಕ್ಷಿಸುವ ಅವಳ ಆಫೀಸಿನಲ್ಲಿ, ಅದು ಅರ್ಥವಾಗುತ್ತಿದ್ದದ್ದು ಅವಳೊಬ್ಬಳಿಗೇ. ಉಳಿದವರು ಡಬ್ಬಿ ಹಂಚಿಕೊಂಡು ಉಣ್ಣುವಾಗಲೂ ಅವಳು ಪರದೆಯ ಮುಂದೆ. ಡೊಂಬಿವಲಿಯ ಮನೆಯಲ್ಲಿ, ತಾಯಿ ತೀರಿಕೊಂಡ ಮೇಲೆ, ತುಳುವಿನಲ್ಲಿ ಒಂದು ಮಾತಾಡಲೂ ಯಾರೂ ಇರಲಿಲ್ಲ.

ನಡುಕ ಅತಿ ಹೆಚ್ಚು ಬಂದದ್ದು ನಲವತ್ತು ಕಿಲೋಮೀಟರ್ ವೇಗದಲ್ಲಿ. ಅರವತ್ತಕ್ಕೆ ಏರಿಸಿದರೆ ಕಡಿಮೆ.

"ವೇಗ ಹೆಚ್ಚಾದ ಹಾಗೆ ನಡುಕವೂ ಹೆಚ್ಚಬೇಕಲ್ವಾ? ಪ್ರೋಗ್ರಾಮ್‌ನಲ್ಲೇ ಎಲ್ಲೋ ತಪ್ಪಿದೆ, ನೋಡಿ," ಎಂದರು ಮೇಲಧಿಕಾರಿ ಭುಜಂಗರಾಯರು.

ಮರುದಿನ ಅವಳು ಸೇತುವೆಗೇ ಹೋದಳು. ಕೆಳಗೆ ನಾಲ್ಕು ಜೋಪಡಿಗಳಿದ್ದವು. ಒಂದರ ಮುಂದೆ ಹೆಂಗಸೊಬ್ಬಳು ಮಗುವನ್ನು ಕನ್ನಡದಲ್ಲಿ ಗದರುತ್ತಿದ್ದಳು. ರಾಯಚೂರು ಕಡೆಯ ಮರೆಮ್ಮ, ಗಾರೆ ಕೆಲಸದವಳು.

"ಇಲ್ಲಿ ಯಾವ ಗಾಡಿ ಹೋದ್ರೆ ಹೆಚ್ಚು ನಡುಗ್ತದೆ?" ಜಯಲತಾ ಕೇಳಿದಳು.

"ಜೋರ್ ಹೋಗೋವು ಏನೂ ಮಾಡಂಗಿಲ್ರಿ ಅಕ್ಕಾರ. ಮೆಲ್ಲಕ ಹೋಗೋವೂ ಏನಿಲ್ಲ. ತುಂಬಿದ ಲಾರಿ ನಡುವಿನ ಸ್ಪೀಡಿಗೆ ಬಂತಂದ್ರ ಮಕ್ಕೊಂಡ ಕೂಸು ಎದ್ದು ಅಳತೈತ್ರಿ."

ತನ್ನ ಪ್ರೋಗ್ರಾಮ್ ಹೇಳಿದ್ದೂ ಅದನ್ನೇ ಎಂದು ಜಯಲತಾ ಜೋರಾಗಿ ನಕ್ಕುಬಿಟ್ಟಳು. ಮರೆಮ್ಮನಿಗೆ ಏನೂ ತಿಳಿಯದಿದ್ದರೂ ಅವಳೂ ನಕ್ಕು, ಚಹಾ ಕೊಟ್ಟು ಕೂರಿಸಿದಳು.

"ಮನ್ಯಾಗ ಯಾರ್ ಯಾರ್ ಇದ್ದೀರ್ರಿ?"

"ನಾನೊಬ್ಬಳೇ."

"ಅಯ್ಯ, ಹಂಗಾದ್ರ ಆಗಾಗ ಬರ‍್ರಿ."

ಜಯಲತಾ ಮತ್ತೆ ಮತ್ತೆ ಹೋದಳು. ನಾಲ್ಕು ಶನಿವಾರ ಅಲ್ಲೇ ಊಟ ಮಾಡಿದಳು.

ಆಮೇಲೆ ನಿಜವಾದ ಲಾರಿ ಓಡಿಸಿ ಅಳೆದಾಗ ಅಂಕಿಗಳು ಅವಳ ಲೆಕ್ಕಕ್ಕೆ ಹೊಂದಿದವು. ಭುಜಂಗರಾಯರು ಎಲ್ಲರೆದುರು ಹೊಗಳಿದರು. ವರದಿಯಲ್ಲಿ ಅವಳು, ದುರಸ್ತಿ ಮುಗಿಯುವವರೆಗೆ ಸೇತುವೆಯ ಕೆಳಗೆ ಯಾರೂ ವಾಸಿಸುವುದು ಅಪಾಯ ಎಂದು ಬರೆದಳು. ಮರೆಮ್ಮನ ಕೂಸು ಕಣ್ಣ ಮುಂದಿತ್ತು. ಆ ಜನಕ್ಕೆ ಬೇರೆ ಜಾಗ ಕೊಡಬೇಕೆಂದೂ ಸೇರಿಸಿದಳು.

ಮುಂದಿನ ತಿಂಗಳು ಹೋದಾಗ ಅಲ್ಲಿ ಜೋಪಡಿಗಳಿರಲಿಲ್ಲ. ಜಾಗ ಯಾರೂ ಕೊಟ್ಟಿರಲಿಲ್ಲ. ವರದಿ ತೋರಿಸಿ ಎಬ್ಬಿಸಿದರು, ಅವರೆಲ್ಲ ದಿವಾ ಕಡೆ ಹೋದರು ಎಂದು ಸೇತುವೆಯ ವಾಚ್‌ಮನ್ ಹೇಳಿದ.

ಎರಡು ಭಾನುವಾರ ಅವಳು ದಿವಾದ ಚಾಳುಗಳಲ್ಲಿ ಹುಡುಕಿದಳು. ನಳದ ಹತ್ತಿರ ನೀರು ಹಿಡಿಯುತ್ತಿದ್ದ ಮುದುಕಿಯೊಬ್ಬಳು, ಅವಳು ಮರೆಮ್ಮನನ್ನು ಕನ್ನಡದಲ್ಲಿ ವಿಚಾರಿಸುವುದು ಕೇಳಿ ತಿರುಗಿದಳು.

"ಮರೆಮ್ಮನಾ? ಆಕಿ ನಿಮಗೇನಾಗಬೇಕ್ರಿ?"

ಅವಳ ಜೋಪಡಿ ಕೆಡವಿಸಿದ ವರದಿ ಬರೆದವಳು ಎನ್ನಬೇಕಿತ್ತು ಜಯಲತಾ.

"ಏನೂ ಆಗಬೇಕಿಲ್ಲ," ಎಂದು ಸ್ಟೇಷನ್ನಿನ ಕಡೆ ನಡೆದಳು.