ಅಳಿಸಿಹೋದ ಮೂರು ಸಾಲು

ಆ ಸೀಮೆಯಲ್ಲಿ ಮಣ್ಣು ಅಗೆಯುವ ಹಳೆಯ ಯಂತ್ರಗಳಿಗೆಲ್ಲ ಡಾಕ್ಟರು ಒಬ್ಬನೇ. ಓದಿದ್ದು ಹತ್ತನೇ ತರಗತಿಯ ಮುಕ್ಕಾಲು ಭಾಗ. ಆದರೆ ಅವನ ಕಪ್ಪು ಚೀಲ ಗೇಟಿನ ಹತ್ತಿರ ಕಂಡರೆ ಸಾಕು, ಮೂರು ವರ್ಷದಿಂದ ಗುಜರಿಯಲ್ಲಿ ಮಲಗಿದ್ದ ಎಂಜಿನ್ನುಗಳು ಕೆಮ್ಮಿ ಎದ್ದು ಕೂರುತ್ತಿದ್ದವು. ಚೀಲದೊಳಗೆ ಒಂದು ಪುಟ್ಟ ಡಬ್ಬಿ, ಒಂದು ಟ್ಯಾಬು. ಡಬ್ಬಿಯನ್ನು ಯಂತ್ರಕ್ಕೆ ಸಿಕ್ಕಿಸಿದರೆ ಅದರ ಹೊಟ್ಟೆಯೊಳಗಿನ ನೋವೆಲ್ಲ ಟ್ಯಾಬಿನ ಮೇಲೆ ಕೋಡುಗಳಾಗಿ ಸಾಲುಗಟ್ಟಿ ನಿಲ್ಲುತ್ತಿತ್ತು: ಯಾವ ಸೆನ್ಸರು, ಎಂಥ ದೋಷ, ಎಷ್ಟು ಸಲ, ಯಾವ ಗಳಿಗೆಯಲ್ಲಿ. ಡಾಕ್ಟರು ಕೋಡು ಓದುವುದೇ ಬೇಡ, ಅವನ ಮುಖ ನೋಡಿದರೆ ಕೋಡೇ ನಡುಗುತ್ತಾ ಬಾಯಿಬಿಡುತ್ತದೆ ಎಂದು ಜನ ಹೇಳುತ್ತಿದ್ದರು. ಜನ ಎಂದರೆ ಹೆಚ್ಚಾಗಿ ಡಾಕ್ಟರೇ.

ಅಂಥವನಿಗೆ ಒಂದು ಶುಕ್ರವಾರ ಅಕ್ಕನ ಫೋನು ಬಂತು. ಅಕ್ಕ ಫೋನು ಮಾಡಿದರೆ ಈ ಕಡೆಯವರಿಗೆ ಉಸಿರಾಡಲಿಕ್ಕೂ ಬಿಡುವು ಕೊಡುವವಳಲ್ಲ. ಅವತ್ತು ಮಾತಿನ ನಡುವೆ ಎರಡು ಸಲ ಮೂಗೆಳೆದ ಸದ್ದು ಕೇಳಿಸಿತು.

“ನಿಮ್ಮ ಭಾವನ್ನ ಮಷೀನಿಂದ ಇಳಿಸ್ತಾರಂತೆ ಕಣೋ. ಮಧ್ಯಾಹ್ನ ಆದ್ರೆ ಕೆಲಸ ಸಾಗಲ್ಲ, ಊಟ ಮಾಡಿ ಸೀಟಲ್ಲೇ ತೂಕಡಿಸ್ತಾರೆ ಅಂದ್ರಂತೆ ಮಷೀನಿನ ಯಜಮಾನಿ. ಸೋಮವಾರದಿಂದ ಬೇರೆ ಆಪರೇಟರ್. ಇಪ್ಪತ್ತಾರು ವರ್ಷ ಆಪರೇಟರ್ ಸೀಟಲ್ಲಿ ಕೂತವರು, ನಿನ್ನೆಯಿಂದ ಮನೇಲಿ ಕುರ್ಚಿ ಮೇಲೂ ಸರಿಯಾಗಿ ಕೂರ್ತಿಲ್ಲ.”

“ಅಕ್ಕಾ, ನಾನಿರುವಾಗ ಅಳ್ತೀಯಾ? ಹತ್ತು ನಿಮಿಷದ ಕೆಲಸ. ನಾನು ಒಂಬತ್ತೇ ನಿಮಿಷದಲ್ಲಿ ಮುಗಿಸ್ತೀನಿ.”

“ಅಳ್ತಿಲ್ಲ. ಬಾಯಿ ಮುಚ್ಕೊಂಡು ಹೋಗು.”

ಭಾವ ಮಾತನ್ನು ಖರ್ಚು ಮಾಡುವವರಲ್ಲ. ಆದರೆ ಕೈ! ಇಪ್ಪತ್ತು ಟನ್ನಿನ ಯಂತ್ರದ ಬೂಮೆಂಬ ಉದ್ದ ತೋಳನ್ನು ಆಡಿಸಿ, ಅದರ ತುದಿಯ ಬಕೆಟ್ಟಿನ ಹಲ್ಲಿನಿಂದ ಮೊಟ್ಟೆಯನ್ನು ಎತ್ತಿ, ಒಡೆಯದೆ ವಾಪಸು ಇಡುತ್ತಿದ್ದರು. ಮೇಲೆ ಕೂತಿದ್ದ ಕೋಳಿಗೆ ಎಚ್ಚರವೂ ಆಗುತ್ತಿರಲಿಲ್ಲ. ಈ ಯಂತ್ರವನ್ನು ಯಜಮಾನಿ ಎರಡು ತಿಂಗಳ ಹಿಂದೆ ಯಾರಿಂದಲೋ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದಳು. ಅಂದಿನಿಂದ ಬೆಳಿಗ್ಗೆ ಆನೆ, ಮಧ್ಯಾಹ್ನ ಆಮೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರು ಬಂದಿಳಿದಾಗ ಚರಂಡಿ ಪೈಪಿಗಾಗಿ ತೋಡಿದ್ದ ಕಂದಕದ ಪಕ್ಕದಲ್ಲಿ ಹನ್ನೊಂದು ಜನ ಕೆಲಸದವರು, ಎರಡು ನಾಯಿ, ಮತ್ತು ತಲೆಗೆ ಹಳದಿ ಹೆಲ್ಮೆಟ್ ಹಾಕಿಕೊಂಡ ಯಜಮಾನಿ. ಇಷ್ಟು ಪ್ರೇಕ್ಷಕರು ಸಿಕ್ಕಿದರೆ ಡಾಕ್ಟರಿಗೆ ಮೈಮೇಲೆ ಬಂದಂತಾಗುತ್ತಿತ್ತು. ಡಬ್ಬಿ ಸಿಕ್ಕಿಸಿದ. ಟ್ಯಾಬಿನ ಮೇಲೆ ಮೂರು ಸಾಲು ಕೆಂಪಗೆ ಮೂಡಿದವು.

ಈ ಕಸುಬಿನಲ್ಲಿ ಮೊದಲ ಪಾಠ ಒಂದೇ: ಕೋಡನ್ನು ಪುಸ್ತಕದಲ್ಲಿ ಬರೆದುಕೊ, ಆಮೇಲೆ ಅಳಿಸು. ಡಾಕ್ಟರು ಇದನ್ನು ಕನಿಷ್ಠ ನಾಲ್ಕು ಸಾವಿರ ಜನಕ್ಕೆ ಬೋಧಿಸಿದ್ದ. ಆದರೆ ಅವತ್ತು ಅವನ ಕಣ್ಣು ಟ್ಯಾಬಿನ ಮೇಲಿರಲಿಲ್ಲ, ಜನರ ಮೇಲಿತ್ತು.

“ನೋಡಿ ಮೇಡಂ, ಮೂರು ಕಾಯಿಲೆ. ಕಂಡ್ವಾ? ಈಗ ನೋಡಿ!” ಬೆರಳೆತ್ತಿ ಒತ್ತಿದ. ಮೂರೂ ಮಾಯ.

ಭಾವ ಯಂತ್ರ ಹತ್ತಿ ಕಂದಕ ತೋಡತೊಡಗಿದರು. ಇಪ್ಪತ್ತು ನಿಮಿಷ ಅದು ಗುಡುಗಿದ ರಭಸಕ್ಕೆ ಮೂರು ಬೀದಿಯಾಚೆ ಪಾತ್ರೆಗಳು ಉರುಳಿದವು. ಕೆಲಸದವರು ಶಿಳ್ಳೆ ಹೊಡೆದರು.

“ಹಾಗಾದ್ರೆ ಮಷೀನಲ್ಲಿ ಏನೂ ತೊಂದರೆ ಇಲ್ಲ?” ಯಜಮಾನಿ ಕೇಳಿದಳು.

“ಏನಂದ್ರೆ ಏನೂ ಇಲ್ಲ ಮೇಡಂ! ಈಗ ತಾನೇ ಹುಟ್ಟಿದ ಕೂಸು!”

“ಅಂದ್ರೆ ನಾನು ಹೇಳಿದ್ದೇ ಸರಿ. ಮಷೀನ್ ಸರಿಯಾಗೇ ಇದೆ, ಓಡಿಸೋರೇ ಸರಿ ಇಲ್ಲ. ಥ್ಯಾಂಕ್ಸ್ ಡಾಕ್ಟ್ರೇ.”

ಡಾಕ್ಟರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಟ್ಯಾಬು ತಿರುವಿ ನೋಡಿದ. ಒರೆಸಿದ ಹಲಗೆಯಷ್ಟು ಖಾಲಿ. ಭಾವನ ಪರವಾಗಿ ಸಾಕ್ಷಿ ಹೇಳಲು ಬಂದಿದ್ದ ಮೂರೇ ಮೂರು ಸಾಲುಗಳನ್ನು ಅವನೇ ಕೈಯಾರೆ ಓಡಿಸಿದ್ದ.

ಭಾವ ಪೈಪುಗಳ ರಾಶಿಯ ನೆರಳಲ್ಲಿ ಕೂತು ಬಾಟಲಿಯಿಂದ ನೀರು ಕುಡಿಯುತ್ತಿದ್ದರು. “ಚೆನ್ನಾಗಿ ಗುಣ ಮಾಡ್ದೆ ಭಾಮೈದ,” ಎಂದರು. ಬೈದಿದ್ದರೆ ವಾಸಿಯಿತ್ತು.

ಡಾಕ್ಟರು ಪಕ್ಕದಲ್ಲಿ ಕುಕ್ಕರಿಸಿದ. “ಭಾವ, ಇದು ಯಾವಾಗ ಹೀಗಾಗುತ್ತೆ?”

“ಅಬ್ಬ, ಕೇಳಿದೆಯಲ್ಲ! ಬಂದಾಗಿನಿಂದ ಡಬ್ಬಿ ಹತ್ರನೇ ಮಾತಾಡ್ತಿದ್ದೆ.”

“ತಪ್ಪಾಯ್ತು, ಹೇಳಿ.”

“ಬೆಳಿಗ್ಗೆ ಕಂದಕದ ಕೆಲಸ. ತೆಗೆದ ಮಣ್ಣು ಪಕ್ಕಕ್ಕೆ ಹಾಕ್ತೀನಿ, ಬೂಮ್ ತಗ್ಗಲ್ಲೇ ಇರುತ್ತೆ. ಮಧ್ಯಾಹ್ನ ಮಣ್ಣು ಸಾಗಿಸೋಕೆ ಲಾರಿ ಬರುತ್ತೆ, ಎತ್ತರದ್ದು. ಬೂಮ್ ಪೂರ್ತಿ ಮೇಲೆತ್ತಿದಾಗ ಒಂದು ಸಣ್ಣ ಜರ್ಕು, ಇಲ್ಲಿ.” ಸೊಂಟ ಮುಟ್ಟಿ ತೋರಿಸಿದರು. “ಅಲ್ಲಿಂದ ಮುಂದೆ ಎಂಜಿನ್ ಏಳಲ್ಲ. ಕೀ ಆಫ್ ಮಾಡಿ ಆನ್ ಮಾಡಿದ್ರೆ ಹತ್ತು ಬಕೆಟ್ ಓಡುತ್ತೆ, ಮತ್ತೆ ಅದೇ ಹಾಡು.”

“ಇದನ್ನ ಯಜಮಾನಿಗೆ ಹೇಳ್ಬಾರದಿತ್ತಾ?”

“ಹೇಳ್ದೆ. ಸೊಂಟ ನೋವಿದ್ರೆ ಮನೇಲಿರಿ ಅಂದ್ರು.”

ಡಾಕ್ಟರು ಯಂತ್ರ ಹತ್ತಿ ಬೂಮಿನ ಬುಡಕ್ಕೆ ಟಾರ್ಚು ಹಿಡಿದು ನೋಡಿದ. ಅಲ್ಲಿ ವೈರುಗಳ ಕಂತೆಯನ್ನು ಹಿಡಿದಿರಬೇಕಾದ ಕ್ಲಿಪ್ಪು ಮುರಿದಿತ್ತು. ಹಳೆಯ ಮಾಲೀಕ ಯಾರೋ ಪುಣ್ಯಾತ್ಮ ಆ ಕಂತೆಯನ್ನು ದಪ್ಪನೆಯ ಆಯಿಲ್ ಪೈಪಿಗೆ ಟೇಪು ಸುತ್ತಿ ಬಿಗಿದಿದ್ದ. ಬೂಮು ತಗ್ಗಿನಲ್ಲಿರುವಾಗ ವೈರು ಸಡಿಲ. ಮೇಲೆದ್ದರೆ ಪೈಪು ಚಾಚಿಕೊಂಡು ವೈರನ್ನೂ ಜಗ್ಗುತ್ತದೆ, ಪಂಪಿನ ಸೆನ್ಸರಿಗೆ ಸಂಪರ್ಕ ತಪ್ಪುತ್ತದೆ, ಕಂಪ್ಯೂಟರು ಹೆದರಿ ಎಂಜಿನ್ನಿನ ಕತ್ತು ಹಿಸುಕುತ್ತದೆ. ಹೊರಗಿನ ಸಿಪ್ಪೆ ನುಣ್ಣಗಿತ್ತು, ಬೆರಳಾಡಿಸಿದರೆ ಒಳಗಿನ ತಂತಿ ತುಂಡಾಗಿದ್ದದ್ದು ತಿಳಿಯುತ್ತಿತ್ತು.

ಹೊಸ ವೈರು ಹಾಕಲು ಐದು ನಿಮಿಷ ಸಾಕಿತ್ತು. ಆದರೆ ಈಗ ಸರಿಮಾಡಿದರೆ ಭಾವನಿಗೆ ಉಳಿದಿದ್ದ ಕೊನೆಯ ಸಾಕ್ಷಿಯೂ ಹೋಗುತ್ತದೆ. ಡಾಕ್ಟರು ಕೈ ಹಿಂದಕ್ಕೆ ತೆಗೆದು ಯಜಮಾನಿಯನ್ನು ಕರೆದ.

ಅವಳು ಟೇಪನ್ನು ನೋಡಿದಳು, ಅವನನ್ನು ನೋಡಿದಳು. “ಬೆಳಿಗ್ಗೆ ಹುಟ್ಟಿದ ಕೂಸು ಅಂದೆ. ಈಗ ಕೂಸಿಗೆ ನರ ಕಟ್ಟಾಗಿದೆ ಅಂತೀಯ. ಅಕ್ಕನ ಗಂಡ ಅಂತ ಭಾವನ್ನ ಉಳಿಸೋಕೆ ಬಂದಿದೀಯ ಅಲ್ವಾ?”

ಡಾಕ್ಟರ ನಾಲಿಗೆಯ ತುದಿಯಲ್ಲಿ ತೊಂಬತ್ತೊಂಬತ್ತು ಸುಳ್ಳುಗಳು ಸ್ನಾನ ಮಾಡಿ, ತಲೆ ಬಾಚಿಕೊಂಡು ಸಿದ್ಧವಾಗಿ ನಿಂತಿದ್ದವು. ಯಜಮಾನಿಯ ಏಳೂ ಯಂತ್ರಗಳ ಕೆಲಸ ಅವನದೇ. ಹನ್ನೊಂದು ಜನ ಕೇಳಿಸಿಕೊಳ್ಳುತ್ತಿದ್ದರು. ಅವನು ಒಮ್ಮೆ ಭಾವನ ಕಡೆ ನೋಡಿದ. ಭಾವ ತಮ್ಮ ಎರಡೂ ಅಂಗೈಗಳನ್ನು ತಾವೇ ನೋಡಿಕೊಳ್ಳುತ್ತಿದ್ದರು, ಯಾರದೋ ಕೈ ಎಂಬಂತೆ.

“ಮೇಡಂ, ಬೆಳಿಗ್ಗೆ ಅಲ್ಲಿ ಮೂರು ಸಾಲು ಇತ್ತು. ನಾನು ಓದ್ಲೂ ಇಲ್ಲ, ಬರ್ಕೊಳ್ಲೂ ಇಲ್ಲ. ನಿಮ್ಮ ಮುಂದೆ ಶೋ ಕೊಡೋಕೆ ಅಳಿಸ್ಬಿಟ್ಟೆ. ನಿನ್ನೆ ಕೆಲಸಕ್ಕೆ ಸೇರಿದವನೂ ಹೀಗೆ ಮಾಡಲ್ಲ. ತಪ್ಪು ನಂದು.” ಟ್ಯಾಬನ್ನು ಅವಳತ್ತ ಚಾಚಿದ. “ನನ್ನ ಮಾತು ನಂಬಬೇಡಿ. ಟ್ಯಾಬ್ ನೀವೇ ಹಿಡ್ಕೊಳ್ಳಿ. ನಾನು ಅಲ್ಲಿ, ಗೇಟ್ ಹತ್ರ ನಿಂತಿರ್ತೀನಿ.”

ನಿಜವಾಗಿಯೂ ಹೋಗಿ ನಿಂತ. ಆ ಎಂಬತ್ತು ಹೆಜ್ಜೆ ಅವನಿಗೆ ಎಂಬತ್ತು ಹರದಾರಿಯಾಯಿತು.

ಭಾವ ಸೀಟಿಗೆ ಹತ್ತಿದರು. ಬಕೆಟ್ಟು ತುಂಬಿದರು, ಖಾಲಿ ಗಾಳಿಯಲ್ಲಿ ಲಾರಿಯೊಂದು ನಿಂತಿದೆ ಎಂಬಂತೆ ಬೂಮನ್ನು ನಿಧಾನ ಮೇಲೆತ್ತಿದರು. ಒಂದು ಸಲ, ಏನಿಲ್ಲ. ಎರಡನೆಯ ಸಲ, ಏನಿಲ್ಲ. ಗೇಟಿನ ಹತ್ತಿರ ಡಾಕ್ಟರ ಎದೆಬಡಿತಕ್ಕೆ ತಗಡಿನ ಬೇಲಿ ಅದುರುತ್ತಿತ್ತು. ನಾಲ್ಕನೆಯ ಸಲ ಬೂಮು ತುದಿ ಮುಟ್ಟಿತು. ಎಂಜಿನ್ನು ಸಟ್ಟನೆ ಕುಸಿದು ಗೊರಗೊರ ಎಂದಿತು.

ಯಜಮಾನಿ ಟ್ಯಾಬನ್ನು ಕಣ್ಣಿನ ಹತ್ತಿರ ತಂದಳು. ಬಹಳ ಹೊತ್ತು ನೋಡಿದಳು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡಳು.

“ಒಂದು ಸಾಲು ಬಂತು,” ಎಂದು ಕೂಗಿದಳು. “ಪಂಪ್ ಸೆನ್ಸರ್ ಅಂತಿದೆ. ಬಾ ಇಲ್ಲಿ. ಅಳಿಸ್ಬೇಡ, ಅಷ್ಟೆ.”

ಕೆಲಸದವರು ಬಿದ್ದು ಬಿದ್ದು ನಕ್ಕರು; ನಾಯಿಗಳೂ ನಕ್ಕವು. ಯಜಮಾನಿ ಮಾತ್ರ ನಗಲಿಲ್ಲ. ಅಲ್ಲೇ ಫೋನು ತೆಗೆದು, “ಸೋಮವಾರ ಬರೋದು ಬೇಡಪ್ಪ, ನಮ್ಮ ಆಪರೇಟರೇ ಇದಾರೆ,” ಎಂದಳು. ಫೋನು ಇಟ್ಟವಳು ಕ್ಯಾಬಿನ ಕಡೆ ತಲೆಯೆತ್ತಿ, “ತೂಕಡಿಸ್ತೀರ ಅಂದಿದ್ದೆ. ಹಾಗನ್ನಬಾರದಿತ್ತು,” ಎಂದಳು. ಭಾವ ತಲೆಯಾಡಿಸಿದರು, ಅಷ್ಟೆ.

ಡಾಕ್ಟರು ವೈರು ಬದಲಿಸಿ, ಹೊಸ ಕ್ಲಿಪ್ಪು ಹಾಕಿ ಇಳಿಯುವಾಗ ಭಾವ ಕಿಟಕಿಯಿಂದ ಬಗ್ಗಿದರು. “ನಿಮ್ಮಕ್ಕ ಕಾಯ್ತಿರ್ತಾಳೆ. ಫೋನ್ ಮಾಡಿ ಹೇಳು.”

“ನೀವೇ ಹೇಳಿ ಭಾವ,” ಎಂದ ಡಾಕ್ಟರು. “ನಾನು ಹೇಳಿದ್ರೆ ನೀವು ಕಥೇಲೇ ಇರಲ್ಲ.”

ಅಷ್ಟರಲ್ಲಿ ಮಧ್ಯಾಹ್ನದ ಮೊದಲ ಲಾರಿ ಗೇಟಿನೊಳಗೆ ತಿರುಗಿತು. ಭಾವ ಸೊಂಟ ನೆಟ್ಟಗೆ ಮಾಡಿ ಕೂತು, ಬೂಮನ್ನು ಪೂರ್ತಿ ಮೇಲೆತ್ತಿದರು.