ಹನ್ನೊಂದು ಕಡೆ ಇರಬೇಕಾದ ಹೆಸರು

ಮೂರು ಗಂಟೆಗೆ ಮೇಷ್ಟ್ರ ಪುಸ್ತಕ ಅಚ್ಚಿಗೆ ಹೋಗಬೇಕು. ಎರಡೂಕಾಲಿಗೆ ಅವರ ಅತ್ತಿಗೆ ಭೂತಗನ್ನಡಿ ಹಿಡಿದು, ಕೊನೆಯ ಕರಡಿನ ಗ್ರಂಥಸೂಚಿಯ ಮೇಲೆ ಬೆರಳಾಡಿಸಿ, "ನಾನು ಎಲ್ಲೂ ಇಲ್ಲವಲ್ಲ" ಅಂದರು.

ಪುಟ ಜೋಡಿಸುವಾಕೆ ಕಂಪ್ಯೂಟರಿನಿಂದ ತಲೆ ಎತ್ತಿದಳು. ಆ ಸೂಚಿಯಲ್ಲಿದ್ದ ಹನ್ನೊಂದು ಪುಸ್ತಕಗಳನ್ನು ಕಣ್ಣು ಸವೆಸಿಕೊಂಡು ಅನುವಾದಿಸಿದವರು ಈ ಅತ್ತಿಗೆಯೇ. ಅವುಗಳ ಪ್ರಕಾಶಕ ಮಹಾಶಯರು ಮೂಲ ಲೇಖಕರ ಹೆಸರಷ್ಟೇ ಹಾಕಿ ಕೈತೊಳೆದುಕೊಂಡಿದ್ದರು. ತಮ್ಮ ಪುಸ್ತಕದಲ್ಲಾದರೂ ಅತ್ತಿಗೆಯ ಹೆಸರು ಇರುತ್ತದೆಂದು ಮೇಷ್ಟ್ರು ಮಾತು ಕೊಟ್ಟಿದ್ದರು.

"ಬೇಡ ಅನ್ನಿಸಿದ್ರೆ ಹೇಳಬಹುದಿತ್ತಪ್ಪ. ಇದೆ ಅಂತ ಯಾಕೆ ನಂಬಿಸಿದೆ?"

ಹೆಸರು ಸೇರಿಸಿಯೇ ಪಟ್ಟಿ ಕಳಿಸಿದ್ದೆ ಎಂದು ಮೇಷ್ಟ್ರು ತೊದಲಿದರು. ಅತ್ತಿಗೆ ನಂಬಲಿಲ್ಲ. ಪುಟ ಜೋಡಿಸುವಾಕೆಯ ಕಡೆ ಯಾರೂ ನೋಡಲಿಲ್ಲ. ತುಟಿಪಿಟಕ್ಕೆನ್ನದೆ ಹೆಸರು ಸೇರಿಸಿ, ಬೈಗುಳ ಮೇಷ್ಟ್ರ ತಲೆಗೇ ಕಟ್ಟಬಹುದಿತ್ತು. ಒಂದು ಗಳಿಗೆ ಹಾಗೇ ಅನ್ನಿಸಿತು ಕೂಡ, ಸುಳ್ಳೇಕೆ.

"ಮೇಷ್ಟ್ರು ಕಳಿಸಿದ್ರಮ್ಮಾ. ತಪ್ಪು ನಂದು."

ಕಂಪ್ಯೂಟರಿನ ಪಟ್ಟಿಯಲ್ಲಿ ಲೇಖಕರಿಗೆ, ಸಂಪಾದಕರಿಗೆ, ವರ್ಷಕ್ಕೆ ಒಂದೊಂದು ಖಾನೆ. ಅನುವಾದಕರಿಗೆ ಖಾನೆ ಇಲ್ಲವೆಂದು ಈಕೆ ತಾನೇ ಒಂದನ್ನು ಹುಟ್ಟಿಸಿದ್ದಳು. ತನಗೆ ಗೊತ್ತಿಲ್ಲದ ಖಾನೆಯನ್ನು ಆ ತಂತ್ರಾಂಶ ಕಮಕ್ ಕಿಮಕ್ ಎನ್ನದೆ ದಾಟಿಹೋಗುತ್ತದೆ, ತಪ್ಪೆಂದೂ ಹೇಳುವುದಿಲ್ಲ. ಹೆಸರು ಪರದೆಯ ಮೇಲೆ ಹನ್ನೊಂದು ಕಡೆ ಇತ್ತು, ಕಾಗದದ ಮೇಲೆ ಒಂದು ಕಡೆಯೂ ಇರಲಿಲ್ಲ.

ಹೆಸರನ್ನು ಹನ್ನೊಂದು ಕಡೆಯೂ ಟಿಪ್ಪಣಿಯ ಖಾನೆಗೆ ಸರಿಸಿದಳು, ಅದು ಅಚ್ಚಾಗುತ್ತದೆ. ಆದರೆ ಸಾಲುಗಳು ಬೆಳೆದು, ಕೊನೆಯ ಎರಡು ಸಾಲು ಹೊಸ ಪುಟಕ್ಕೆ ಚೆಲ್ಲಿದವು. ಬಾಗಿಲಲ್ಲಿ ನಿಂತ ಮುದ್ರಕ, ಒಂದು ಪುಟವೂ ಹೆಚ್ಚಾಗುವಂತಿಲ್ಲ ಎಂದು ಗಡಿಯಾರ ನೋಡಿದ. ಸಾಲಿನ ಅಂತರವನ್ನು ಕೂದಲೆಳೆಯಷ್ಟು ತಗ್ಗಿಸಿದಳು. ಸಾಲದಾಯಿತು. ಇನ್ನೊಮ್ಮೆ ತಗ್ಗಿಸಿದಳು. ಕೂತಿತು.

ಅತ್ತಿಗೆ ಹೊಸ ಹಾಳೆಯ ಮೇಲೆ ಬೆರಳಿಟ್ಟು ಹನ್ನೊಂದನ್ನೂ ಎಣಿಸಿದರು. ಮೈದುನನ ಭುಜ ತಟ್ಟಿದರು. ಮುದ್ರಕ ಕಡತ ಒಯ್ದ. ಮೂರಕ್ಕೆ ಎರಡು ನಿಮಿಷವಿತ್ತು.

"ಆ ಖಾನೆ ಎಷ್ಟು ದಿನದಿಂದ ಬಳಸ್ತಿದ್ದೀಯಮ್ಮಾ?" ಅತ್ತಿಗೆ ಕೇಳಿದರು.

"ಆರು ವರ್ಷ." ಅಂದಮೇಲೆಯೇ ಅದರ ಅರ್ಥ ಆಕೆಗೆ ಹೊಳೆದದ್ದು. ಹಳೆಯ ಕಡತಗಳನ್ನು ತೆರೆದಳು. ಇಪ್ಪತ್ತು ಪುಸ್ತಕ, ಎಲ್ಲವೂ ಅಚ್ಚಾಗಿ ಕಪಾಟು ಸೇರಿದಂಥವು. ಅನುವಾದಕರೆಲ್ಲ ಆ ಖಾನೆಯೊಳಗೇ ಕೂತಿದ್ದರು. ಒಬ್ಬರೂ ಕೇಳಲು ಬಂದಿರಲಿಲ್ಲ.

ಅತ್ತಿಗೆ ಕುರ್ಚಿ ಹತ್ತಿರಕ್ಕೆಳೆದುಕೊಂಡು, "ಓದು, ಬರ್ಕೊಳ್ಳೋಣ. ತಿಳಿಸಬೇಕಲ್ಲ" ಅಂದರು.

ಮೊದಲ ಹೆಸರು ಓದಿದಳು. ಎರಡನೆಯವರು ಹೋದ ವರ್ಷ ತೀರಿಕೊಂಡಿದ್ದರು.