ಹಿಂದಿನ ಕೋಣೆಯ ನರ

ವೈದ್ಯಕೀಯ ಕಾಲೇಜಿನ ಸಂಗ್ರಹಾಲಯದಲ್ಲಿ ದೇಹದ ಭಾಗಗಳ ಮಾದರಿ ಮಾಡುವ ಹೆಂಗಸನ್ನು ಎಲ್ಲರೂ ಮೇಣದಮ್ಮ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಮೇಣ ಕಾಯಿಸಿ, ಪ್ಲಾಸ್ಟರ್ ಕಲೆಸಿ, ಬಣ್ಣ ಹಚ್ಚಿದ ಮೇಲೆ ಆ ಹೆಸರು ಅಂಟಿಕೊಂಡಿತ್ತು. ಆಕೆ ಹೃದಯ ಮಾಡಿದ್ದಳು, ಮೂತ್ರಪಿಂಡ ಮಾಡಿದ್ದಳು, ಒಮ್ಮೆ ಆರು ತಿಂಗಳು ಕೂತು ಅಂಗೈಯ ಒಂದೊಂದು ಎಳೆಯನ್ನೂ ಮಾಡಿದ್ದಳು. ಆದರೆ ಆಕೆಗೆ ಹೆಸರು ತಂದದ್ದು ಮೂಗು.

ಅದು ತಲೆಯನ್ನು ನಟ್ಟನಡುವೆ ಸೀಳಿಟ್ಟಂಥ ಮಾದರಿ. ಮುಖದ ಮೇಲೆ ಕಾಣುವ ಮೂಗು ಬರೀ ಬಾಗಿಲು, ಮನೆ ಒಳಗಿದೆ ಎಂದು ಹೊಸ ವಿದ್ಯಾರ್ಥಿಗಳಿಗೆ ಆಕೆಯೇ ತೋರಿಸುತ್ತಿದ್ದಳು. ನಡುಗೋಡೆ ತೆಗೆದರೆ ಒಳಗೆ ಮೂರು ಸುರುಳಿ ಮೂಳೆಗಳು, ಒಂದರ ಕೆಳಗೊಂದು, ಚಾವಣಿಯ ಚಾಚಿನಂತೆ. ಹೊರಗಿನ ತಣ್ಣನೆ ಗಾಳಿ ಅಲ್ಲಿ ಸುತ್ತಾಡಿ ಬೆಚ್ಚಗಾಗಿ, ತೇವವಾಗಿ ಮುಂದೆ ಹೋಗಬೇಕು. ಅವುಗಳ ಮರೆಯಲ್ಲಿ ಸಣ್ಣ ಕಿಂಡಿಗಳು. ಆ ಕಿಂಡಿಗಳ ಆಚೆಗೆ ಗಾಳಿ ತುಂಬಿದ ಸೈನಸ್‌ಗಳು: ಕೆನ್ನೆಯ ಮೂಳೆಯಲ್ಲಿ ದೊಡ್ಡ ಕೋಣೆ, ಹಣೆಯಲ್ಲೊಂದು, ಎರಡು ಕಣ್ಣಿನ ನಡುವೆ ಜೇನುಗೂಡಿನಂಥ ಪುಟ್ಟ ಪುಟ್ಟ ಕೋಣೆಗಳು. ಎಲ್ಲಕ್ಕಿಂತ ಹಿಂದೆ, ತಲೆಬುರುಡೆಯ ನಡುಮಧ್ಯದಲ್ಲಿ, ಬೆಣೆಯಾಕಾರದ ಮೂಳೆಯೊಳಗೆ ಕೊನೆಯ ಕೋಣೆ. ಅದರ ಗೋಡೆಗೆ ಒರಗಿಕೊಂಡು ಕಣ್ಣಿನ ನರ ಹೋಗುತ್ತದೆ. ಆಕೆ ಆ ನರಕ್ಕೆ ಹಳದಿ ಬಣ್ಣ ಹಚ್ಚಿದ್ದಳು.

ಆ ಮಾದರಿಯನ್ನು ಬಿಚ್ಚಿ ಜೋಡಿಸಿ ಕಲಿತವರು ಈಗ ಎಲ್ಲೆಲ್ಲೋ ಡಾಕ್ಟರುಗಳಾಗಿದ್ದರು. ಪಕ್ಕದ ಆಸ್ಪತ್ರೆಯ ಮೂಗಿನ ಶಸ್ತ್ರವೈದ್ಯರೂ ಅವರಲ್ಲಿ ಒಬ್ಬರು.

ಮೂರು ವರ್ಷದ ಕೆಳಗೆ ಮೇಣದಮ್ಮ ತನ್ನ ಓರಗಿತ್ತಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ತಾನೇ ಕೈಹಿಡಿದು ಸಂಗ್ರಹಾಲಯಕ್ಕೆ ಕರೆತಂದಳು. ಮನೆಯಲ್ಲಿ ಎಲ್ಲರಿಗೂ ಅವಳು 'ಚಿಕ್ಕವಳು'. ಕೆಳಗಿನ ಮನೆಯಲ್ಲಿ ಮೇಣದಮ್ಮನ ಸಂಸಾರ, ಮೇಲಿನ ಮನೆಯಲ್ಲಿ ಚಿಕ್ಕವಳದು, ಅಡುಗೆಮನೆ ಒಂದೇ. "ಮನೇಲಿ ಕೂತು ಗೋಡೆ ನೋಡೋ ಬದಲು ಬಾ, ಪ್ಲಾಸ್ಟರ್ ಕಲೆಸೋಕೆ ಒಂದು ಕೈ ಬೇಕು" ಎಂದಿದ್ದಳು. ಅಷ್ಟೇ ಅಂದುಕೊಂಡಿದ್ದಳು, ಒಂದು ಕೈ ಎಂದು.

ಆ ಕೈ ಬೇಗ ಕಲಿಯಿತು. ಮೊದಲ ವರ್ಷ ಕಲೆಸಿತು, ಎರಡನೆಯ ವರ್ಷ ಅಚ್ಚು ತೆಗೆಯಿತು, ಮೂರನೆಯ ವರ್ಷ ಸ್ವಂತವಾಗಿ ಮಾಡತೊಡಗಿತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಕೂಡಲೇ ಚಿಕ್ಕವಳು ಆಸ್ಪತ್ರೆಯ ಸ್ಕ್ಯಾನ್ ಕೋಣೆಗೆ ಹೋಗಿ ಕೂರುತ್ತಿದ್ದಳು. ಹರಟೆಗೆ ಹೋಗುತ್ತಾಳೆ ಎಂದು ಮೇಣದಮ್ಮ ಮೂಗು ಮುರಿಯುತ್ತಿದ್ದಳು. ಒಂದು ದಿನ ಇಬ್ಬರು ವಿದ್ಯಾರ್ಥಿಗಳು ಕೆಲಸದ ಕೋಣೆಯ ಬಾಗಿಲಲ್ಲಿ ನಿಂತು, "ಚಿಕ್ಕಮೇಡಂ ಇಲ್ವಾ? ಹಾಗಾದ್ರೆ ಆಮೇಲೆ ಬರ್ತೀವಿ" ಎಂದು ಹೊರಟುಹೋದರು. ಮೇಣದಮ್ಮ ಅಲ್ಲೇ ಕೂತಿದ್ದಳು, ಕೈಯಲ್ಲಿ ಕುಂಚ ಹಿಡಿದು. ತಾನೇನು ಅಲ್ಲಿಟ್ಟ ಬುರುಡೆಯೇ? ಅಂದಿನಿಂದ ಹೊಟ್ಟೆಯೊಳಗೆ ಒಂದು ಕೆಂಡ ಕೂತಿತು.

ಕೆಂಡ ಮನೆಗೂ ಬಂತು. ಚಿಕ್ಕವಳು ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತು. ಅವಳು ಒಗೆದು ಹಾಕಿದ ಬಟ್ಟೆ ಒಣಗಲಿಲ್ಲ. ಅವಳು ನಕ್ಕರೆ ಜೋರಾಯಿತು, ಸುಮ್ಮನಿದ್ದರೆ ಜಂಭವಾಯಿತು. ಎಲ್ಲ ನೋಡುತ್ತಿದ್ದ ಅತ್ತೆ ಒಂದು ಸಂಜೆ ಹೇಳಿದರು, "ಮೂಗು ಮಾಡೋ ಸೊಸೆಯಂದಿರು ಅಂತ ಊರೆಲ್ಲ ಹೊಗಳುತ್ತೆ. ಇಬ್ಬರ ಮೂಗೂ ಒಂದೊಂದು ದಿಕ್ಕಿಗೆ ತಿರುಗಿ ಕೂತ್ರೆ ನನಗೆ ಎರಡು ತುತ್ತು ಬಡಿಸೋರು ಯಾರಮ್ಮ?" ಚಿಕ್ಕವಳು ನಕ್ಕಳು. ಮೇಣದಮ್ಮ ನಗಲಿಲ್ಲ.

ಹೀಗಿರುವಾಗ ಶಸ್ತ್ರವೈದ್ಯರು ಒಂದು ಬೆಳಿಗ್ಗೆ ಸ್ಕ್ಯಾನ್ ಫಿಲ್ಮ್‌ಗಳ ಲಕೋಟೆ ಹಿಡಿದು ಬಂದರು.

"ಮೇಣದಮ್ಮ, ಒಂದು ತಲೆ ಬೇಕಲ್ಲ!" ಎಂದರು ನಗುತ್ತ. "ಪುಸ್ತಕದ ತಲೆ ಅಲ್ಲ, ನನ್ನ ರೋಗಿಯದ್ದೇ. ಗಡಿಯಾರ ರಿಪೇರಿಯವರು. ಒಳಗೆ ಬೂಷ್ಟು ಉಂಡೆ ಕಟ್ಟಿದೆ, ಎಡಗಣ್ಣು ಮಂಜಾಗ್ತಿದೆ. ಕೈ ಹಾಕೋ ಮೊದಲು ದಾರಿ ಸರಿಯಾಗಿ ನೋಡಿಕೋಬೇಕು. ಮೂರು ಪಟ್ಟು ದೊಡ್ಡದಾಗಿ, ಬಿಚ್ಚೋ ಹಾಗೆ ಮಾಡಿಕೊಡಿ."

ಮೇಣದಮ್ಮನ ಮುಖ ಅರಳಿತು. ಆಕೆ ಕೈ ಚಾಚಿದಳು. ಆದರೆ ವೈದ್ಯರ ಲಕೋಟೆ ಆಕೆಯನ್ನು ದಾಟಿ ಚಿಕ್ಕವಳ ಕೈಗೆ ಹೋಯಿತು. "ನೀನು ಫಿಲ್ಮ್ ಓದ್ತೀಯಂತಲ್ಲಮ್ಮ, ಸ್ಕ್ಯಾನ್ ಕೋಣೆಯವರು ಹೇಳಿದ್ರು. ಬಾ, ತೋರಿಸ್ತೀನಿ. ಮೇಣದಮ್ಮ, ನೀವೂ ಬನ್ನಿ."

'ನೀವೂ.' ಆ ಒಂದು ದೀರ್ಘ ಆಕೆಯನ್ನು ಚುಚ್ಚಿತು. "ನೀರು ತುಂಬಿಕೊಂಡು ಬರ್ತೀನಿ" ಎಂದು ಬಕೆಟ್ ಎತ್ತಿಕೊಂಡು ಹೊರಗೆ ಹೋದಳು. ನಲ್ಲಿಯ ಹತ್ತಿರ ಬಕೆಟ್ ತುಂಬಿ ಹರಿದರೂ ನಿಂತೇ ಇದ್ದಳು. ವಾಪಸು ಬರುವಾಗ ಅವರ ಮಾತು ಮುಗಿದಿತ್ತು. ಏನು ಮಾತಾಡಿದಿರಿ ಎಂದು ಆಕೆ ಕೇಳಲಿಲ್ಲ. ಚಿಕ್ಕವಳು ಹೇಳಲು ಬಾಯಿ ತೆರೆದಾಗ, "ನಿನ್ನ ಕೆಲಸ, ನೀನು ನೋಡ್ಕೊ" ಎಂದುಬಿಟ್ಟಳು.

ಹತ್ತು ದಿನ ಚಿಕ್ಕವಳು ಆ ಫಿಲ್ಮ್‌ಗಳನ್ನು ಕಿಟಕಿಯ ಗಾಜಿಗೆ ಅಂಟಿಸಿಕೊಂಡು ಕೆಲಸ ಮಾಡಿದಳು. ಮೇಣದಮ್ಮ ಅತ್ತ ತಿರುಗಿ ನೋಡಲಿಲ್ಲ, ಅಥವಾ ನೋಡದಂತೆ ನೋಡಿದಳು. ಕೊನೆಗೆ ಒಂದು ಮಂಗಳವಾರ, ಚಿಕ್ಕವಳು ಊಟಕ್ಕೆ ಹೋದಾಗ, ಎದ್ದು ಹೋಗಿ ಮಾದರಿಯ ಒಂದೊಂದೇ ಭಾಗ ಬಿಚ್ಚಿದಳು.

ಕೆಲಸ ಚೆನ್ನಾಗಿತ್ತು. ಅದೇ ಮೊದಲ ಸಂಕಟ. ಸುರುಳಿ ಮೂಳೆಗಳು ಕಾಗದದಷ್ಟು ತೆಳ್ಳಗಿದ್ದವು. ಕಿಂಡಿಗಳ ಅಂಚು ತನ್ನದಕ್ಕಿಂತ ನಯವಾಗಿತ್ತು. ಹಿಂದೆ ಹಿಂದೆ ಬಿಚ್ಚುತ್ತ ಹೋದ ಆಕೆಯ ಬೆರಳು ಒಂದು ಕಡೆ ನಿಂತಿತು. ಕಣ್ಣಿನ ಹಳದಿ ನರ ಬೆಣೆಮೂಳೆಯ ಕೋಣೆಯ ಪಕ್ಕದಲ್ಲಿ ಇರಲಿಲ್ಲ. ಅದಕ್ಕೂ ಮುಂಚಿನ, ಜೇನುಗೂಡಿನ ಕೊನೆಯ ಕೋಣೆಯೊಳಗೆ ಗೋಡೆಯಿಂದ ಉಬ್ಬಿಕೊಂಡಿತ್ತು. ಆ ಕೋಣೆಯೂ ವಿಪರೀತ ದೊಡ್ಡದು, ಬೆಣೆಮೂಳೆಯ ಕೋಣೆಯ ನೆತ್ತಿಯ ಮೇಲೆ ಏರಿ ಕೂತಿತ್ತು.

ನರ ತಪ್ಪು ಕೋಣೆಯಲ್ಲಿದೆ. ಮೇಣದಮ್ಮನಿಗೆ ಆದದ್ದು ಹೆದರಿಕೆಯಲ್ಲ, ಸಂತೋಷ. ಎಷ್ಟೋ ತಿಂಗಳ ಮೇಲೆ ಬಂದ ಸಂತೋಷ.

ಗುರುವಾರ ವೈದ್ಯರು ವಿದ್ಯಾರ್ಥಿಗಳನ್ನೆಲ್ಲ ಸೇರಿಸಿ ಮಾದರಿ ತೋರಿಸುವವರಿದ್ದರು, ಶುಕ್ರವಾರ ಆಪರೇಷನ್. ಗುರುವಾರವೇ ಹೇಳುತ್ತೇನೆ, ಎಲ್ಲರೆದುರು, ಎಂದು ಆಕೆ ಲೆಕ್ಕ ಹಾಕಿದಳು. ಯಾರಿಗೂ ತೊಂದರೆಯಿಲ್ಲ, ಹೇಗೂ ಆಪರೇಷನ್ನಿಗೆ ಒಂದು ದಿನ ಮುಂಚೆ ಗೊತ್ತಾಗುತ್ತದೆ. ಭಾಗಗಳನ್ನು ಮತ್ತೆ ಜೋಡಿಸಿಟ್ಟಳು. ಊಟ ಮುಗಿಸಿ ಬಂದ ಚಿಕ್ಕವಳು, "ಅಕ್ಕಾ, ಮುಗೀತು. ಒಂದ್ಸಲ ನೋಡಿ ಹೇಳ್ತೀರಾ?" ಎಂದು ಕೇಳಿದಳು. ಕೇಳುವಾಗ ಅವಳ ದನಿಯಲ್ಲಿ ಆಸೆಯಿತ್ತು.

"ನೋಡೋದೇನು, ಚೆನ್ನಾಗೇ ಇರುತ್ತೆ ಬಿಡು" ಎಂದಳು ಮೇಣದಮ್ಮ.

ಬುಧವಾರ ಬೆಳಿಗ್ಗೆ ಸಂಗ್ರಹಾಲಯದ ಹೊರಗಿನ ಪಡಸಾಲೆಯಲ್ಲಿ ಒಬ್ಬರು ದಾರಿ ತಪ್ಪಿ ನಿಂತಿದ್ದರು. ಕೈಯಲ್ಲಿ ಆಸ್ಪತ್ರೆಯ ಚೀಟಿ. "ಅಮ್ಮ, ಮೂಗಿನ ವಾರ್ಡ್ ಎಲ್ಲಿ? ಬೋರ್ಡ್ ಸರಿಯಾಗಿ ಕಾಣ್ತಿಲ್ಲ" ಎಂದರು. ಅವರ ಎಡಗಣ್ಣಿನ ಸುತ್ತ ದುಂಡಗೆ ಒಂದು ಹಳೆಯ ಗುರುತು, ವರ್ಷಗಟ್ಟಲೆ ಭೂತಗನ್ನಡಿ ಸಿಕ್ಕಿಸಿಕೊಂಡದ್ದು.

"ನೀವು ಗಡಿಯಾರದವರಾ?"

"ಹೌದು. ನಿಮಗೆ ಹೇಗೆ ಗೊತ್ತು? ಈ ಕಣ್ಣಲ್ಲೇ ನನ್ನ ಅನ್ನ ಇರೋದು ನೋಡಿ. ಬಲಗಣ್ಣು ಇದೆ, ಆದ್ರೆ ಅದಕ್ಕೆ ಸ್ಕ್ರೂ ಹಿಡಿಯೋಕೆ ಬರಲ್ಲ." ಅವರು ನಕ್ಕರು. "ನಾಳಿದ್ದು ಅಂದಿದ್ರು, ನಿನ್ನೆ ಕತ್ತಲು ಜಾಸ್ತಿ ಆಯ್ತು. ಅದಕ್ಕೆ ಇವತ್ತೇ ಮಾಡಿಬಿಡ್ತಾರಂತೆ. ಹತ್ತು ಗಂಟೆಗೆ."

ಮೇಣದಮ್ಮ ಅವರಿಗೆ ದಾರಿ ತೋರಿಸಿದಳು. ಹಾಗೆ ತೋರಿಸುವಾಗಲೂ 'ಇವತ್ತೇ' ಎಂಬ ಮಾತು ತಲೆಗೆ ಹೋಗಿರಲಿಲ್ಲ. ಕೆಲಸದ ಕೋಣೆಗೆ ಬಂದು ನೋಡಿದರೆ ಚಿಕ್ಕವಳ ಮೇಜು ಖಾಲಿ. ಮಾದರಿ ಇಲ್ಲ. ಒಂಬತ್ತೂವರೆ ದಾಟಿತ್ತು.

ಆಕೆ ಓಡಿದಳು. ಐವತ್ತೆರಡರ ಹೆಂಗಸು, ಪ್ಲಾಸ್ಟರ್ ಹತ್ತಿದ ಏಪ್ರನ್ನಿನಲ್ಲೇ ಅಂಗಳ ದಾಟಿ, ಮೂರು ಅಂತಸ್ತು ಮೆಟ್ಟಿಲು ಹತ್ತಿ, ಆಪರೇಷನ್ ಥಿಯೇಟರಿನ ಹೊರಕೋಣೆಗೆ ನುಗ್ಗಿದಳು. ವೈದ್ಯರು ಮೇಜಿನ ಮೇಲೆ ಮಾದರಿ ಬಿಚ್ಚಿಟ್ಟುಕೊಂಡು, ಗೋಡೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ ಫಿಲ್ಮ್ ಜೊತೆ ಹೋಲಿಸಿ ನೋಡುತ್ತಿದ್ದರು. ಪಕ್ಕದಲ್ಲಿ ಚಿಕ್ಕವಳು.

"ಮುಟ್ಟಬೇಡಿ!" ಮೇಣದಮ್ಮನಿಗೆ ಉಸಿರು ಸಿಗಲಿಲ್ಲ. "ಮಾದರಿ ತಪ್ಪು. ನರ... ಕಣ್ಣಿನ ನರ ತಪ್ಪು ಕೋಣೆಯಲ್ಲಿದೆ. ಇದನ್ನ ನಂಬಿ ಹೋದ್ರೆ ಆ ಮನುಷ್ಯನ ಕಣ್ಣು ಹೋಗುತ್ತೆ."

ಚಿಕ್ಕವಳು ಥಟ್ಟನೆ ಫಿಲ್ಮಿನತ್ತ ತಿರುಗಿದಳು. ವೈದ್ಯರು ಮಾತ್ರ ಗಾಬರಿಯಾಗಲಿಲ್ಲ. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಬೆಳಕಿನ ಪೆಟ್ಟಿಗೆಯತ್ತ ಬೆರಳು ತೋರಿಸಿದರು.

"ಇಲ್ಲಿ ನೋಡಿ. ಇದು ಜೇನುಗೂಡಿನ ಕೊನೇ ಕೋಣೆ. ಇವರಲ್ಲಿ ಅದು ಹಿಂದಕ್ಕೆ ಬೆಳೆದು ಬೆಣೆಮೂಳೆ ಮೇಲೆ ಹತ್ತಿಬಿಟ್ಟಿದೆ. ಈ ಬಿಳಿ ಚುಕ್ಕೆಯೇ ನರ. ಆ ಕೋಣೆ ಒಳಗೇ ಹಾದುಹೋಗುತ್ತೆ, ಮೇಲೆ ಮೂಳೆಯ ಹೊದಿಕೆ ಕೂಡ ಸರಿಯಾಗಿಲ್ಲ. ಕೆಲವರಲ್ಲಿ ಹೀಗೂ ಇರುತ್ತೆ, ಮೇಣದಮ್ಮ. ನಾನು ಮಾದರಿ ಮಾಡಿಸಿದ್ದೇ ಇದಕ್ಕೆ. ಆವತ್ತು ಹೇಳಿದ್ನಲ್ಲ... ಓ, ನೀವು ನೀರಿಗೆ ಹೋಗಿದ್ರಿ."

ಮೇಣದಮ್ಮ ಫಿಲ್ಮ್ ನೋಡಿದಳು. ಬೂದು, ಕಪ್ಪು, ಬಿಳಿ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಚಿಕ್ಕವಳು ಮಾಡಿದ ಕೋಣೆ ಅಲ್ಲಿ ಹಾಗೆಯೇ ಕಂಡಿತು, ಅದೇ ಉಬ್ಬು, ಅದೇ ಬಾಗು. ಹತ್ತೊಂಬತ್ತು ವರ್ಷ ತಾನು ಮಾಡಿದ್ದು ಒಂದೇ ಮೂಗು, ಪುಸ್ತಕದ ಮೂಗು.

"ಒಳ್ಳೇದೇ ಆಯ್ತು, ಅನುಮಾನ ಬಂದ ಕೂಡಲೇ ಓಡಿ ಬಂದ್ರಲ್ಲ" ಎಂದರು ವೈದ್ಯರು, ಕೈ ತೊಳೆಯಲು ತೋಳು ಮಡಚುತ್ತ. "ಯಾವಾಗ ನೋಡಿದ್ರಿ?"

ಈಗ ಎನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಓಡಿ ಬಂದ ಏದುಸಿರಿನಲ್ಲಿ ಸುಳ್ಳು ಹೊಸೆಯಲು ಆಗಲಿಲ್ಲ. "ನಿನ್ನೆ" ಎಂದಳು. "ನಿನ್ನೆ ಮಧ್ಯಾಹ್ನ."

ವೈದ್ಯರು ತಿರುಗಿ ನೋಡಿದರು. ಆಮೇಲೆ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ನಿನ್ನೆ ನಾನು ಕೇಳಿದ್ನಲ್ಲ ಅಕ್ಕಾ" ಎಂದಳು ಚಿಕ್ಕವಳು. ದನಿ ಏರಲಿಲ್ಲ. "ನೋಡಿ ಹೇಳ್ತೀರಾ ಅಂತ. ತಪ್ಪು ಅಂದಿದ್ರೆ ನಾನು ಫಿಲ್ಮ್ ತೋರಿಸ್ತಿದ್ದೆ. ನಿಜವಾಗ್ಲೂ ತಪ್ಪೇ ಆಗಿದ್ರೆ?"

"ನಾಳೆ ಎಲ್ಲರೆದುರು ಹೇಳೋಣ ಅಂತಿದ್ದೆ."

"ನನಗೆ ನಾಚಿಕೆ ಆಗ್ಲಿ ಅಂತ."

"ಹೌದು."

ಚಿಕ್ಕವಳು ಸೆರಗಿನಿಂದ ಮೂಗು ಒರೆಸಿಕೊಂಡು ಹೊರಟುಹೋದಳು. ಮೇಣದಮ್ಮ ಅಲ್ಲೇ ಎರಡೂವರೆ ಗಂಟೆ ಕೂತಳು. ವೈದ್ಯರು ಹೊರಗೆ ಬಂದು, "ಆಯ್ತು. ಉಂಡೆ ಪೂರ್ತಿ ಬಂತು, ನರಕ್ಕೆ ಏನೂ ಆಗಿಲ್ಲ" ಎಂದು ಹೇಳಿ, ಆಕೆಯ ಹೆಗಲು ಮುಟ್ಟದೆ ಹೋದರು. ಮೊದಲೆಲ್ಲ ಮುಟ್ಟುತ್ತಿದ್ದರು.

ಗಡಿಯಾರದವರ ಕಣ್ಣು ನಿಧಾನವಾಗಿ ತಿಳಿಯಾಯಿತು. ಪೂರ್ತಿ ಅಲ್ಲ, ಆದರೆ ಸ್ಕ್ರೂ ಹಿಡಿಯುವಷ್ಟು. ಮನೆಯಲ್ಲಿ ಚಿಕ್ಕವಳು ಹನ್ನೊಂದು ದಿನ ಅಕ್ಕನೊಡನೆ ಮಾತಾಡಲಿಲ್ಲ. ಬಡಿಸಿದಳು, ಪಾತ್ರೆ ತೊಳೆದಳು, ಮಾತು ಮಾತ್ರ ಇಲ್ಲ. ಕೆಲಸದಲ್ಲಿ ತನ್ನ ಮೇಜನ್ನು ಸ್ಕ್ಯಾನ್ ಕೋಣೆಯ ಪಕ್ಕಕ್ಕೆ ಹಾಕಿಸಿಕೊಂಡಳು. ಮೇಣದಮ್ಮ ಎರಡು ಸಲ ಕ್ಷಮೆ ಕೇಳಲು ಮೆಟ್ಟಿಲ ತನಕ ಹೋಗಿ ಹಿಂದಿರುಗಿದಳು. ಮೂರನೆಯ ಸಲ ಮೇಲಿನ ಮನೆಯ ಬಾಗಿಲು ತಟ್ಟಿದಳು.

"ನನಗೆ ನಿನ್ನ ಕಂಡ್ರೆ ಹೊಟ್ಟೆಕಿಚ್ಚು" ಎಂದಳು, ಒಳಗೆ ಕಾಲಿಡುವ ಮೊದಲೇ. "ಈಗಲೂ ಇದೆ. ಸುಳ್ಳು ಹೇಳಲ್ಲ. ಆದ್ರೆ ಅವತ್ತು ಮಾಡಿದ್ದು ತಪ್ಪು. ಅದನ್ನ ನಿನಗೆ ಹೇಳಬೇಕಿತ್ತು."

ಚಿಕ್ಕವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನನ್ನ ಮೇಲೆ ಹೊಟ್ಟೆಕಿಚ್ಚು ಪಡೋ ಅಂಥದ್ದು ಏನಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ" ಎಂದಳು. "ನೀವು ಒಂದು ಸಲ ಚೆನ್ನಾಗಿದೆ ಅಂದ್ರೆ ಸಾಕಾಗಿತ್ತು."

"ಚೆನ್ನಾಗಿತ್ತು. ಸುರುಳಿ ಮೂಳೆ ನನಗೆ ಅಷ್ಟು ತೆಳ್ಳಗೆ ಬರಲ್ಲ."

ಅದನ್ನು ಹೇಳುವುದು ಸುಲಭವಿರಲಿಲ್ಲ. ಆದರೂ ಹೇಳಿದಳು.

ಮುಂದಿನ ವಾರದಿಂದ, ಊಟ ಆದ ಮೇಲೆ, ಮೇಣದಮ್ಮ ಸ್ಕ್ಯಾನ್ ಕೋಣೆಯ ಪಕ್ಕದ ಮೇಜಿಗೆ ಒಂದು ಸ್ಟೂಲು ಎಳೆದುಕೊಂಡು ಕೂರತೊಡಗಿದಳು. ಚಿಕ್ಕವಳು ಹಳೆಯ ಫಿಲ್ಮ್‌ಗಳನ್ನು ಒಂದೊಂದಾಗಿ ಮುಂದಿಟ್ಟಳು. ಒಬ್ಬರಿಗೆ ನಡುಗೋಡೆ ಬಲಕ್ಕೆ ಸೊಟ್ಟ, ಒಬ್ಬರಿಗೆ ಸುರುಳಿ ಮೂಳೆಯೊಳಗೇ ಗಾಳಿ, ಒಬ್ಬರಿಗೆ ಹಣೆಯ ಕೋಣೆಯೇ ಇಲ್ಲ. ಮೇಣದಮ್ಮ ಪೆನ್ಸಿಲಿನಲ್ಲಿ ಬಿಡಿಸಬೇಕು, ಚಿಕ್ಕವಳು ನೋಡಿ ಹೇಳಬೇಕು.

"ತಪ್ಪು, ಅಕ್ಕಾ. ಇದು ಕೆನ್ನೆಯ ಕೋಣೆ ಅಲ್ಲ, ಜೇನುಗೂಡೇ ಕೆಳಗೆ ಇಳಿದಿದೆ. ಮತ್ತೆ ನೋಡಿ."

ಪಕ್ಕದಲ್ಲಿ ನಿಂತಿದ್ದ ಇಬ್ಬರು ವಿದ್ಯಾರ್ಥಿಗಳು ಕೇಳಿಸಿಕೊಂಡರು. ಮೇಣದಮ್ಮನ ಹೊಟ್ಟೆಯಲ್ಲಿ ಮತ್ತೆ ಕಿಚ್ಚು ಭಗ್ಗೆಂದಿತು. ಆಕೆ ತುಟಿ ಕಚ್ಚಿಕೊಂಡು, ಕನ್ನಡಕ ಸರಿಮಾಡಿಕೊಂಡು, ಫಿಲ್ಮನ್ನು ಬೆಳಕಿಗೆ ಹಿಡಿದಳು.

"ಎಲ್ಲಿಂದ ಇಳಿದಿದೆ? ತೋರಿಸು" ಎಂದಳು.